ಲೇಸು, ಫ್ರಿಲ್ಲು, ಮೊಗ್ಗಿನ ಜಡೆ: ಒನಪಿನ ಉಡುಗೆ ತೊಡುವ ಬಗೆ

(ಮೈಸೂರಿನಲ್ಲಿ ಹೊಲಿಗೆ ಕಲಿಯುತ್ತಿರುವ ಹೆಣ್ಣುಮಕ್ಕಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಹೋದ ಬೇಸಿಗೆಯಲ್ಲಿ ನಮ್ಮ ಹೊಲಿಗೆ ಅಂಗಡಿಗೆ ತಾಯಿ-ಮಗಳು ಬಂದರು. ಮಗಳು ಬಿ.ಕಾಂ. ಎರಡನೇ ವರ್ಷ. ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ತಿಳಿ ಗುಲಾಬಿ ಗೌನು, ಕತ್ತಿನ ಸುತ್ತ ಲೇಸು, ಉಬ್ಬಿದ ಪಫ್ ತೋಳು, ಸೊಂಟದ ಹಿಂದೆ ಅಂಗೈ ಅಗಲದ ರಿಬ್ಬನ್ ಬೋ, ಕೆಳಗೆ ಮೂರು ಸಾಲು ಫ್ರಿಲ್ಲು. ಅಣ್ಣನ ಆರತಕ್ಷತೆಗೆ ಬೇಕಂತೆ. "ಅಕ್ಕ, ಇದು ನಂಗೆ ಒಪ್ಪುತ್ತಾ?" ಅಂತ ಕೇಳುವಾಗ ಅವಳ ದನಿ ಸಣ್ಣಗಾಗಿತ್ತು. ತಾಯಿ ಪಕ್ಕದಿಂದ, "ಒಪ್ಪಲ್ಲ ಅಂತ ನೀವೇ ಹೇಳಿ ಮೇಡಂ, ನಾನು ಹೇಳಿದ್ರೆ ಕೇಳಲ್ಲ" ಅಂದರು.

ಆ ಹುಡುಗಿಗೆ ನಾನು ಕೊಟ್ಟ ಉತ್ತರವನ್ನೇ ಇವತ್ತು ಸ್ವಲ್ಪ ವಿಸ್ತಾರವಾಗಿ ನಿಮ್ಮ ಮುಂದೆ ಇಡುತ್ತೇನೆ. ಕಡೆಗೆ ಅವಳಿಗೆ ಏನು ಹೊಲಿದೆವು ಅನ್ನುವುದನ್ನೂ ಹೇಳುತ್ತೇನೆ.

ಫ್ಯಾಷನ್‌ನವರು ಇದನ್ನು ರೊಮ್ಯಾಂಟಿಕ್ ಸ್ಟೈಲ್ ಅನ್ನುತ್ತಾರೆ. ಈಚೆಗೆ ಹುಡುಗಿಯರ ಬಾಯಲ್ಲಿ 'ಕೊಕೆಟ್' ಅನ್ನುವ ಹೆಸರೂ ಓಡಾಡುತ್ತಿದೆ, ಅದರಲ್ಲಿ ರಿಬ್ಬನ್ನು, ಮುತ್ತು, ಬೋ ಹೆಚ್ಚು. ಹೆಸರು ಏನೇ ಇರಲಿ, ಸಾಮಾನು ಒಂದೇ: ಮೆದುವಾದ ಬಟ್ಟೆ, ತಿಳಿ ಬಣ್ಣ, ಸಣ್ಣ ಹೂವು, ಲೇಸು, ನೆರಿಗೆ, ದುಂಡನೆಯ ಅಂಚು. ಗೀಟೆಳೆದ ಹಾಗಿರುವ ನೇರ ಗೆರೆ ಎಲ್ಲೂ ಕಾಣುವುದಿಲ್ಲ. ನನಗೆ ಇದಕ್ಕೆ ಒಪ್ಪುವ ಕನ್ನಡದ ಮಾತು 'ಒನಪು'. ಒಂದು ಕ್ಷಣ ಯೋಚನೆ ಮಾಡಿ. ಒನಪು, ವಯ್ಯಾರ, ಬಳುಕು ಅಂತ ನಾವು ಯಾವಾಗ ಹೇಳುತ್ತೇವೆ? ಹೆಣ್ಣು ನಡೆಯುವಾಗ, ತಿರುಗುವಾಗ, ಸೆರಗು ಸರಿಮಾಡಿಕೊಳ್ಳುವಾಗ. ಗೊಂಬೆಗೆ ಯಾರೂ ವಯ್ಯಾರ ಇದೆ ಅನ್ನುವುದಿಲ್ಲ. ಈ ಉಡುಗೆಯ ಗುಟ್ಟು ನಮ್ಮ ಭಾಷೆಗೆ ಮೊದಲೇ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಬಟ್ಟೆ ಅಲ್ಲಾಡಬೇಕು, ತೊಟ್ಟವಳು ಆರಾಮಾಗಿ ಓಡಾಡಬೇಕು. ಆಮೇಲೆ ಉಳಿದದ್ದು.

ಈ ಉಡುಗೆಗೆ ಹಳೆಯ ಕಥೆಯೂ ಇದೆ. ಪ್ಯಾರಿಸ್ಸಿನಲ್ಲಿ 1947ರ ಫೆಬ್ರವರಿ 12ರಂದು ಕ್ರಿಶ್ಚಿಯನ್ ಡಿಯೋರ್ ಅನ್ನುವ ಉಡುಗೆ ವಿನ್ಯಾಸಕಾರರು ತಮ್ಮ ಮೊದಲ ಸಂಗ್ರಹ ತೋರಿಸಿದರು. ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಅಷ್ಟು ದಿನ ಯೂರೋಪಿನ ಹೆಂಗಸರು ಅಳೆದು ಕೊಟ್ಟ ಬಟ್ಟೆಯಲ್ಲಿ, ಸಿಪಾಯಿಗಳ ಹಾಗೆ ಚೌಕ ಭುಜದ ಕೋಟು, ಗಿಡ್ಡ ಲಂಗ ಹಾಕಿಕೊಂಡು ಕೆಲಸ ಮಾಡಿದ್ದರು. ಡಿಯೋರ್ ಒಮ್ಮೆಲೇ ಸೊಂಟ ಸಣ್ಣಗೆ ಮಾಡಿ, ಭುಜ ದುಂಡಗೆ ಮಾಡಿ, ಗಜಗಟ್ಟಲೆ ಬಟ್ಟೆ ಸುರಿದು ಅಗಲವಾದ ಲಂಗ ಬಿಟ್ಟರು. ಅದಕ್ಕೆ ಅವರಿಟ್ಟ ಹೆಸರು 'ಕೊರೊಲ್'. ಹೂವಿನ ದಳಗಳ ಸುತ್ತು ಅಂತ ಅರ್ಥ. 'ನ್ಯೂ ಲುಕ್' ಅನ್ನುವ ಹೆಸರು ಪತ್ರಿಕೆಯ ಸಂಪಾದಕಿ ಕಾರ್ಮೆಲ್ ಸ್ನೋ ಅವರ ಬಾಯಿಂದ ಬಂದದ್ದು. ಇಷ್ಟು ಬಟ್ಟೆ ದಂಡ ಅಂತ ಬೈದವರೂ ಇದ್ದರು, ಅದಕ್ಕೆ ಮುಗಿಬಿದ್ದವರೂ ಇದ್ದರು. ಬರಗಾಲ ಕಳೆದ ಮೇಲೆ ಹಬ್ಬಕ್ಕೆ ಕೈ ತುಂಬಾ ಬಳೆ ತೊಡುವ ಆಸೆ ಇರುತ್ತದಲ್ಲ, ಅಂಥದ್ದೇ ಆಸೆ ಅದು. ಅದನ್ನು ಹಗುರವಾಗಿ ಕಾಣಬಾರದು ಅಂತ ನನ್ನ ಅಭಿಪ್ರಾಯ.

ಇನ್ನೂ ಹಿಂದೆ ಹೋದರೆ, 1783ರಲ್ಲಿ ಫ್ರಾನ್ಸಿನ ರಾಣಿ ಮರಿ ಆಂತುವಾನೆತ್‌ಳ ಒಂದು ಚಿತ್ರ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ತೂಗಿತು. ಬರೆದವರು ವಿಜೆ ಲಬ್ರನ್ ಅನ್ನುವ ಚಿತ್ರಕಾರ್ತಿ. ರಾಣಿ ಅದರಲ್ಲಿ ಜರತಾರಿ ಉಟ್ಟಿರಲಿಲ್ಲ. ಬಿಳಿ ಮಸ್ಲಿನ್ನಿನ ಸಡಿಲವಾದ ಅಂಗಿ, ಸೊಂಟಕ್ಕೆ ಒಂದು ಪಟ್ಟಿ, ಕತ್ತಿಗೆ ನವಿರಾದ ಫ್ರಿಲ್ಲು, ತಲೆಗೆ ಹುಲ್ಲಿನ ಟೋಪಿ. ಜನ ಕೆಂಡವಾದರು. ರಾಣಿ ಒಳ ಅಂಗಿಯಲ್ಲಿ ಚಿತ್ರಕ್ಕೆ ಕೂತಿದ್ದಾಳೆ ಅಂತ ಗಲಾಟೆಯಾಗಿ ಚಿತ್ರವನ್ನೇ ಇಳಿಸಬೇಕಾಯಿತು. ಆದರೆ ಆ ಅಂಗಿಯ ಮಾದರಿಯನ್ನು ಇಳಿಸಲು ಯಾರಿಗೂ ಆಗಲಿಲ್ಲ, ಮುಂದೆ ಎಲ್ಲರೂ ಅದನ್ನೇ ತೊಟ್ಟರು. ಆ ಕಾಲದಲ್ಲಿ ಯೂರೋಪಿನವರು ಆಸೆಪಟ್ಟು ತರಿಸುತ್ತಿದ್ದ ನವಿರಾದ ಮಸ್ಲಿನ್ ನಮ್ಮ ಬಂಗಾಳದ್ದು. ಲೇಸು ಅಲ್ಲಿಂದ ಇಲ್ಲಿಗೆ ಬಂದಿರಬಹುದು, ಮೆದುವಾದ ಬಟ್ಟೆ ಇಲ್ಲಿಂದ ಅಲ್ಲಿಗೆ ಹೋಗಿದೆ. ಆದ್ದರಿಂದ "ಇದೆಲ್ಲ ಫಾರಿನ್ ವೇಷ" ಅನ್ನುವ ಮಾತು ಕೇಳಿದಾಗ ನಾನು ಸುಮ್ಮನಿರುವುದಿಲ್ಲ.

ರವಿಕೆಗೆ ಲೇಸು ಬಂದದ್ದೂ ಹೊಸದೇನಲ್ಲ. 1860ರ ದಶಕದಲ್ಲಿ ಕವಿ ರವೀಂದ್ರನಾಥ ಠಾಕೂರರ ಮನೆಯ ಸೊಸೆ ಜ್ಞಾನದಾನಂದಿನಿ ದೇವಿ ಮುಂಬಯಿಗೆ ಹೋಗಿ ಪಾರ್ಸಿ ಹೆಂಗಸರು ಸೀರೆ ಉಡುವ ರೀತಿ ನೋಡಿ ಕಲಿತು, ರವಿಕೆ, ಒಳಲಂಗದ ಜೊತೆ ಸೀರೆ ಉಡುವ ಪದ್ಧತಿಯನ್ನು ಬಂಗಾಳಕ್ಕೆ ತಂದರು. ಆಮೇಲಿನ ಕಾಲದ ರಾಜಮನೆತನಗಳ, ದೊಡ್ಡ ಮನೆಗಳ ಫೋಟೋ ನೋಡಿ. ಸೀರೆಯ ಜೊತೆ ಉದ್ದ ತೋಳಿನ, ಲೇಸಿನ ಅಂಚಿನ ರವಿಕೆ ಕಾಣುತ್ತದೆ.

ಇನ್ನು ನಮ್ಮ ಮನೆಯ ಗೋಡೆಯ ಮೇಲಿನ ಫೋಟೋಗೆ ಬರುತ್ತೇನೆ. ನಿಮ್ಮಲ್ಲಿ ಅನೇಕರ ಮನೆಯಲ್ಲೂ ಅಂಥದ್ದೊಂದು ಇರುತ್ತದೆ. ನಮ್ಮಮ್ಮನಿಗೆ ಒಂಬತ್ತು ವರ್ಷ ಇದ್ದಾಗ ತೆಗೆಸಿದ್ದು. ಬೇಸಿಗೆ ರಜ, ಮಲ್ಲಿಗೆಯ ಕಾಲ. ಸ್ಟುಡಿಯೋದಲ್ಲಿ ಹಿಂದೆ ಕನ್ನಡಿ ಇಟ್ಟಿದ್ದಾರೆ. ಮುಂದೆ ಮುಖ, ಕನ್ನಡಿಯಲ್ಲಿ ಬೆನ್ನು, ಬೆನ್ನಿನ ತುಂಬಾ ಮೊಗ್ಗಿನ ಜಡೆ. ಅಜ್ಜಿ ಹೇಳುತ್ತಿದ್ದರು, ಬೆಳಿಗ್ಗೆ ದೇವರಾಜ ಮಾರುಕಟ್ಟೆಯಿಂದ ಮೊಗ್ಗು ತಂದು, ಒಂದೇ ಗಾತ್ರದ್ದನ್ನು ಮೊರದಲ್ಲಿ ಆರಿಸಿ, ಬಾಳೆಪಟ್ಟೆಯ ಮೇಲೆ ಸೂಜಿ ದಾರದಲ್ಲಿ ಸಾಲಾಗಿ ಹೊಲಿದು, ಜಡೆಗೆ ಕಟ್ಟಿ, ತುದಿಗೆ ಕುಚ್ಚು ಇಳಿಬಿಡುವ ಹೊತ್ತಿಗೆ ಮಧ್ಯಾಹ್ನವಾಗುತ್ತಿತ್ತಂತೆ. ಸಂಜೆ ಹೊತ್ತಿಗೆ ಒಂದೊಂದೇ ಮೊಗ್ಗು ಬಿರಿದು ಘಮ್ಮೆನ್ನುತ್ತಿತ್ತಂತೆ. ಭಾರಕ್ಕೆ ಅಮ್ಮ ತಲೆಯನ್ನು ನೇರವಾಗಿ ಇಟ್ಟುಕೊಳ್ಳಲೇಬೇಕು. ಫೋಟೋದಲ್ಲಿ ಆ ಕತ್ತಿನ ಠೀವಿ ಕಾಣುತ್ತದೆ. ಇದಕ್ಕಿಂತ ಹೆಣ್ತನದ ಸಿಂಗಾರ ಜಗತ್ತಿನಲ್ಲಿ ಇನ್ನೆಲ್ಲಿದೆ? ರಿಬ್ಬನ್ ಬೋ ಕಟ್ಟಿಕೊಂಡ ಮಗಳನ್ನು ನೋಡಿ "ಇದೆಂಥ ವೇಷ" ಅನ್ನುವ ಅಮ್ಮಂದಿರು ಒಮ್ಮೆ ತಮ್ಮ ಚಿಕ್ಕಂದಿನ ಫೋಟೋ ತೆಗೆದು ನೋಡಿಕೊಳ್ಳಿ ಅಂತ ಪ್ರೀತಿಯಿಂದ ಕೇಳುತ್ತೇನೆ.

ಆ ಫೋಟೋದಲ್ಲಿ ಅಮ್ಮ ಉಟ್ಟದ್ದು ಒಂದೇ ಬಣ್ಣದ ಲಂಗ, ಸಣ್ಣ ಜರಿ ಅಂಚು. ರವಿಕೆ ಸಾದಾ. ಕತ್ತಿಗೆ ಒಂದೆಳೆ ಸರ. ಅಷ್ಟೂ ಸಂಭ್ರಮ ಜಡೆಯಲ್ಲಿ. ಅಜ್ಜಿ ಯಾವ ಫ್ಯಾಷನ್ ಶಾಲೆಗೂ ಹೋದವರಲ್ಲ, ಆದರೆ ಎಲ್ಲಿ ತುಂಬಬೇಕು, ಎಲ್ಲಿ ಬಿಡಬೇಕು ಅಂತ ಅವರಿಗೆ ಗೊತ್ತಿತ್ತು.

ಇದೇ ಮಾತನ್ನು ಕಣ್ಣಾರೆ ನೋಡಬೇಕಾದರೆ ಜಗನ್ಮೋಹನ ಅರಮನೆಗೆ ಹೋಗಿ. ಎಸ್.ಎಲ್. ಹಲ್ದಣಕರ್ ಬರೆದ ದೀಪದ ಹೆಂಗಸಿನ ಚಿತ್ರ ಅಲ್ಲಿದೆ. ಎಷ್ಟೋ ಜನ ಅದನ್ನು ರವಿವರ್ಮನದ್ದು ಅಂದುಕೊಂಡಿದ್ದಾರೆ. ಅದು 1940ರ ದಶಕದ ಜಲವರ್ಣ, ರೂಪದರ್ಶಿಯಾಗಿ ನಿಂತವರು ಕಲಾವಿದರ ಮಗಳೇ. ನಾನು ನಮ್ಮಲ್ಲಿ ಕೆಲಸ ಕಲಿಯಲು ಬಂದ ಹುಡುಗಿಯರನ್ನೆಲ್ಲ ಒಮ್ಮೆಯಾದರೂ ಅದರ ಮುಂದೆ ನಿಲ್ಲಿಸಿದ್ದೇನೆ. ತಿಳಿ ನೇರಳೆ ಛಾಯೆಯ ಸೀರೆ, ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ. ಬೆರಳ ಸಂದಿನಲ್ಲಿ ಬೆಳಕು ಕೆಂಪಗೆ ಸೋರುತ್ತದೆ. ಮುಖದ ಮೇಲೆ, ಸೆರಗಿನ ಮಡಿಕೆಗಳ ಮೇಲೆ ಬೆಳಕು ಬೀಳುತ್ತದೆ. ಉಳಿದದ್ದೆಲ್ಲ ನೆರಳು. ಇಡೀ ಚಿತ್ರದಲ್ಲಿ ದೀಪ ಒಂದೇ. ನಾನು ಹುಡುಗಿಯರಿಗೆ ಹೇಳುವುದು ಇಷ್ಟೇ: ನಿಮ್ಮ ಉಡುಗೆಯಲ್ಲೂ ದೀಪ ಒಂದಿರಲಿ. ತೋಳು ದೀಪವಾದರೆ ಕತ್ತು ಸುಮ್ಮನಿರಲಿ. ಲಂಗ ದೀಪವಾದರೆ ಮೇಲಿನ ಭಾಗ ಸಾದಾ ಇರಲಿ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಅಂಗಡಿ ಶುರು ಮಾಡಿದ ಹೊಸತು. ನಮ್ಮ ಅಕ್ಕನ ಮಗಳ ಆರತಕ್ಷತೆಯ ಗೌನು ನಾನೇ ಹೊಲಿಯುತ್ತೇನೆ ಅಂತ ಹಟ ಹಿಡಿದೆ. ಪ್ರೀತಿ ಜಾಸ್ತಿಯಾಗಿ ಎಲ್ಲವನ್ನೂ ಹಾಕಿದೆ. ಲಂಗ ಉಬ್ಬಿ ನಿಲ್ಲಲು ಒಳಗೆ ಹಾಕುವ ಬಿರುಸು ನೆಟ್ಟು, ಅಂದರೆ ಕ್ಯಾನ್‌ಕ್ಯಾನ್, ಎರಡು ಪದರ, ಅದರ ಮೇಲೆ ಸ್ಯಾಟಿನ್, ಅದರ ಮೇಲೆ ನೆಟ್ಟು, ತೋಳಿಗೆ ಪಫ್, ಎದೆಗೆ ಲೇಸು, ಬೆನ್ನಿಗೆ ಬೋ. ಹ್ಯಾಂಗರಿನಲ್ಲಿ ತೂಗುಹಾಕಿದಾಗ ಎಲ್ಲರೂ ಹೊಗಳಿದರು. ಆದರೆ ಮಂಟಪದ ಕುರ್ಚಿಯಲ್ಲಿ ಹುಡುಗಿ ಕೂರಲು ಹೋದಾಗ ಕ್ಯಾನ್‌ಕ್ಯಾನ್ ಮುಂದಕ್ಕೆ ಚಿಮ್ಮಿ ಎದೆ ಮಟ್ಟಕ್ಕೆ ಎದ್ದಿತು, ಬೆನ್ನಿನ ಬೋ ಒತ್ತಿ ಒರಗಲು ಆಗಲಿಲ್ಲ. ಮೂರು ಗಂಟೆ ಅವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಫೋಟೋಗಳಲ್ಲಿ ಅವಳ ನಗು ಬಿಗಿಯಾಗಿದೆ. ಈಗಲೂ ಆ ಆಲ್ಬಮ್ ತೆಗೆದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅಂದಿನಿಂದ ನಮ್ಮ ಅಂಗಡಿಯಲ್ಲಿ ಟ್ರಯಲ್ ಅಂದರೆ ಕನ್ನಡಿ ಮುಂದೆ ನಿಲ್ಲುವುದಷ್ಟೇ ಅಲ್ಲ. ಸ್ಟೂಲಿನ ಮೇಲೆ ಕೂರಬೇಕು, ಎರಡು ಮೆಟ್ಟಿಲು ಹತ್ತಿ ಇಳಿಯಬೇಕು, ಕೈ ಮೇಲೆತ್ತಿ ಹಾರ ಹಾಕುವ ಹಾಗೆ ಮಾಡಬೇಕು, ಬಗ್ಗಿ ಹಿರಿಯರ ಕಾಲು ಮುಟ್ಟುವ ಹಾಗೆ ಮಾಡಬೇಕು. ರಾಜಕುಮಾರಿ ಡಯಾನಾಳ ಮದುವೆ 1981ರಲ್ಲಿ ಆಯಿತಲ್ಲ, ಅವಳ ಗೌನಿನ ಹಿಂದೆ ನೆಲದ ಮೇಲೆ ಎಳೆದುಕೊಂಡು ಬರುವ ಬಟ್ಟೆ 25 ಅಡಿ ಉದ್ದ. ಬಟ್ಟೆ ರೇಷ್ಮೆಯ ಟಫೆಟಾ. ಟಫೆಟಾ ಗರಿಗರಿಯಾಗಿ ಉಬ್ಬಿ ನಿಲ್ಲುತ್ತದೆ, ಆದರೆ ಮುದುರಿದರೆ ಬಿದ್ದ ಗೆರೆ ಹೋಗುವುದಿಲ್ಲ. ಗಾಜಿನ ಸಾರೋಟಿನಲ್ಲಿ ಅಪ್ಪನ ಜೊತೆ ಒತ್ತಿಕೊಂಡು ಕೂತು ಬಂದ ಅವಳು ಚರ್ಚಿನ ಮುಂದೆ ಇಳಿದಾಗ ಬಟ್ಟೆಯೆಲ್ಲ ಸುಕ್ಕು. ಅಷ್ಟು ದೊಡ್ಡ ಮದುವೆಗೇ ಹಾಗಾದ ಮೇಲೆ ನಾವು ಕಾರಿನಲ್ಲಿ ನಂಜನಗೂಡಿನಿಂದ ಮೈಸೂರಿನ ಛತ್ರಕ್ಕೆ ಬರುವಾಗ ಎಷ್ಟು ಎಚ್ಚರ ಬೇಕು ಲೆಕ್ಕ ಹಾಕಿ.

ಹಾಗಾಗಿ ಬಟ್ಟೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹೊಲಿಗೆ ಕಲಿಯುವವರು ಇದನ್ನು ಬರೆದುಕೊಳ್ಳಿ.

ಮೈಸೂರು ಸಿಲ್ಕ್ ಮುಟ್ಟಿ ನೋಡಿದ್ದೀರಿ. ಅದು ಕ್ರೇಪ್. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಕಾರ್ಖಾನೆ ಇವತ್ತಿಗೂ ಮಾನಂದವಾಡಿ ರಸ್ತೆಯಲ್ಲಿ ನೇಯುತ್ತಿದೆ. ಕ್ರೇಪ್ ಯಾಕೆ ಹಾಗೆ ಮೈಮೇಲೆ ಹರಿಯುತ್ತದೆ? ಅದರ ನೂಲಿಗೆ ವಿಪರೀತ ಹುರಿ ಕೊಟ್ಟಿರುತ್ತಾರೆ, ಒಂದಿಷ್ಟು ಎಳೆಗೆ ಬಲಕ್ಕೆ, ಒಂದಿಷ್ಟು ಎಳೆಗೆ ಎಡಕ್ಕೆ. ನೇಯ್ದ ಮೇಲೆ ಸೋಪಿನ ನೀರಿನಲ್ಲಿ ಬೇಯಿಸಿ ರೇಷ್ಮೆಯ ಅಂಟು ತೆಗೆಯುತ್ತಾರೆ. ಹಸಿ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಆ ಅಂಟೇ ಇರುತ್ತದೆ. ಅಂಟು ಹೋದ ಕೂಡಲೇ ಹುರಿ ಕೊಟ್ಟ ಎಳೆಗಳು ಬಿಚ್ಚಿಕೊಳ್ಳಲು ನೋಡುತ್ತವೆ, ಒಂದು ಆಚೆ ತಿರುಗುತ್ತದೆ, ಇನ್ನೊಂದು ಈಚೆ. ಆ ಎಳೆದಾಟದಲ್ಲಿ ಬಟ್ಟೆಯ ಮೇಲೆ ಮರಳಿನಂಥ ಸಣ್ಣ ತರಿ ಏಳುತ್ತದೆ, ಬಟ್ಟೆಗೆ ಜೀವ ಬರುತ್ತದೆ. ಜಾರ್ಜೆಟ್, ಶಿಫಾನ್ ಇದೇ ಬಳಗ. ಇವು ಬೀಳುವ ಬಟ್ಟೆಗಳು. ರೇಷ್ಮೆ ಆರ್ಗಾನ್ಜಾದಲ್ಲಿ ಅಂಟನ್ನು ಹಾಗೇ ಉಳಿಸಿರುತ್ತಾರೆ, ಅದಕ್ಕೇ ಅದು ಹಪ್ಪಳದ ಹಾಗೆ ಬಿರುಸು. ಟಫೆಟಾ, ಆರ್ಗಾನ್ಜಾ, ನೆಟ್ಟು ನಿಲ್ಲುವ ಬಟ್ಟೆಗಳು.

ಒನಪಿನ ಉಡುಗೆಗೆ ಎರಡೂ ಬೇಕು, ಆದರೆ ಹಂಚಿಕೆ ಮುಖ್ಯ. ಮೈಯ ಹೆಚ್ಚಿನ ಭಾಗಕ್ಕೆ ಬೀಳುವ ಬಟ್ಟೆ, ಎಲ್ಲಿ ಉಬ್ಬು ಬೇಕೋ ಅಲ್ಲಿ ಮಾತ್ರ ನಿಲ್ಲುವ ಬಟ್ಟೆ. ಕ್ರೇಪ್ ಸೀರೆಗೆ ಆರ್ಗಾನ್ಜಾ ತೋಳಿನ ರವಿಕೆ ಹಾಕಿ ನೋಡಿ. ಸೀರೆ ಇಳಿಯುತ್ತದೆ, ತೋಳು ಮೊಗ್ಗಿನ ಹಾಗೆ ನಿಲ್ಲುತ್ತದೆ. ಅದೇ ಆರ್ಗಾನ್ಜಾ ಸೀರೆಗೆ ಉಬ್ಬು ತೋಳು ಹಾಕಿದರೆ ಎರಡೂ ಜಗಳಕ್ಕೆ ನಿಲ್ಲುತ್ತವೆ. ಬೇಸಿಗೆಗೆ ಹತ್ತಿಯ ಹಕೋಬಾಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ತೂತು ತೂತಿನ ಕಸೂತಿ, ಗಾಳಿ ಆಡುತ್ತದೆ, ಲೇಸಿನ ಅಂದವೂ ಸಿಗುತ್ತದೆ, ಮನೆಯಲ್ಲೇ ಒಗೆಯಬಹುದು. ಅಗ್ಗದ ನೈಲಾನ್ ಲೇಸಿನ ಬಗ್ಗೆ ಮಾತ್ರ ನನಗೆ ಸಹನೆ ಇಲ್ಲ. ಕತ್ತಿನ ಹತ್ತಿರ ಚುಚ್ಚಿ ಚರ್ಮ ಕೆಂಪಾಗಿಸುತ್ತದೆ, ತೊಟ್ಟವಳು ಇಡೀ ಸಂಜೆ ಕೆರೆದುಕೊಳ್ಳುತ್ತಿರುತ್ತಾಳೆ. ಒಂದು ಮೀಟರ್ ಕಡಿಮೆ ತಗೊಳ್ಳಿ, ಹತ್ತಿಯದ್ದೇ ತಗೊಳ್ಳಿ.

ಈಗ ಫ್ರಿಲ್ಲು. ಇದನ್ನು ಮಾಡಿ ತೋರಿಸಿದರೆ ಚೆನ್ನ, ಆದರೂ ಹೇಳುತ್ತೇನೆ. ಒಂದು ಮೀಟರ್ ಅಂಚಿಗೆ ಫ್ರಿಲ್ಲು ಕೂರಿಸಬೇಕಾದರೆ ಹತ್ತಿಯಲ್ಲಿ ಒಂದೂವರೆಯಿಂದ ಎರಡು ಮೀಟರ್ ಪಟ್ಟಿ ಸಾಕು. ಶಿಫಾನ್ ಆದರೆ ಎರಡೂವರೆ, ಮೂರು ಬೇಕು, ಯಾಕೆಂದರೆ ತೆಳು ಬಟ್ಟೆ ಕಡಿಮೆ ನೆರಿಗೆಯಲ್ಲಿ ಬಡಕಲಾಗಿ ಕಾಣುತ್ತದೆ. ಮೊದಲು ಅಂಚಿಗೆ ಪಿಕೋ ಮಾಡಿಸಿ, ಅಂದರೆ ಎಳೆ ಬಿಚ್ಚದ ಹಾಗೆ ಅಂಚು ಸುತ್ತಿ ಹೊಲಿಸಿ. ಮೇಲಂಚಿನಲ್ಲಿ ದೊಡ್ಡ ಹೊಲಿಗೆ ಎರಡು ಸಾಲು ಓಡಿಸಿ, ಸಾಲುಗಳ ನಡುವೆ ಅರ್ಧ ಸೆಂಟಿಮೀಟರ್. ಒಂದೇ ಸಾಲಿನಲ್ಲಿ ಎಳೆದರೆ ನೆರಿಗೆ ಹೊರಳುತ್ತದೆ, ಎರಡು ಸಾಲಿದ್ದರೆ ಎದ್ದು ನಿಲ್ಲುತ್ತದೆ. ಪಟ್ಟಿಯನ್ನು ನಾಲ್ಕು ಭಾಗ ಮಾಡಿ ಗುಂಡುಪಿನ್ನು ಚುಚ್ಚಿ, ಅಂಚನ್ನೂ ನಾಲ್ಕು ಭಾಗ ಮಾಡಿ, ಪಿನ್ನಿಗೆ ಪಿನ್ನು ಸೇರಿಸಿ. ಆಮೇಲೆ ಕೆಳದಾರ ಹಿಡಿದು ಎರಡೂ ತುದಿಯಿಂದ ಮೆಲ್ಲಗೆ ಎಳೆಯಿರಿ, ನೆರಿಗೆಯನ್ನು ಹೆಬ್ಬೆರಳಿಂದ ಹರಡುತ್ತಾ ಹೋಗಿ. ಅವಸರ ಮಾಡಿದರೆ ದಾರ ಕಿತ್ತು ಬರುತ್ತದೆ, ಮತ್ತೆ ಮೊದಲಿಂದ. ನಮ್ಮಲ್ಲಿ ಹೊಸದಾಗಿ ಬಂದವರಿಗೆ ಮೊದಲ ಹದಿನೈದು ದಿನ ಇದೇ ಕೆಲಸ.

ಇನ್ನೊಂದು ಬಗೆ ಇದೆ. ಬಟ್ಟೆಯನ್ನು ಉಂಗುರದ ಹಾಗೆ ದುಂಡಗೆ ಕತ್ತರಿಸಿ, ಒಳ ಅಂಚನ್ನು ಬಿಡಿಸಿ ನೇರವಾಗಿ ಹೊಲಿಯುವುದು. ಅಂಬ್ರೆಲಾ ಕಟ್ ಲಂಗದ ಲೆಕ್ಕವೇ, ಸಣ್ಣದಾಗಿ. ಇದರಲ್ಲಿ ಮೇಲೆ ನೆರಿಗೆಯೇ ಇರುವುದಿಲ್ಲ, ಕೆಳಗೆ ಮಾತ್ರ ಅಲೆ ಬರುತ್ತದೆ. ಸೊಂಟದ ಹತ್ತಿರ, ಎದೆಯ ಹತ್ತಿರ ದಪ್ಪ ಕಾಣಬಾರದು ಅನ್ನುವವರಿಗೆ ಇದೇ ಸರಿ. ಬಟ್ಟೆ ಹೆಚ್ಚು ತಿನ್ನುತ್ತದೆ, ಅದನ್ನು ಗಿರಾಕಿಗೆ ಮೊದಲೇ ಹೇಳಿಬಿಡಿ. ಕ್ರಾಸ್ ಕಟ್, ಅಂದರೆ ಬಟ್ಟೆಯನ್ನು ಎಳೆಯ ನೇರಕ್ಕಲ್ಲದೆ ಓರೆಯಾಗಿ ಕತ್ತರಿಸುವುದು, ಅದರ ಬಗ್ಗೆಯೂ ಒಂದು ಮಾತು. 1920ರ ದಶಕದಲ್ಲಿ ಮದ್ಲೆನ್ ವಿಯೊನೆ ಅನ್ನುವ ಫ್ರೆಂಚ್ ಹೊಲಿಗೆಗಾರ್ತಿ ಇಡೀ ಗೌನನ್ನೇ ಕ್ರಾಸ್‌ನಲ್ಲಿ ಕತ್ತರಿಸಿ ಹೆಸರಾದರು. ಕ್ರಾಸ್‌ನಲ್ಲಿ ಕತ್ತರಿಸಿದ ಬಟ್ಟೆ ಮೈಗೆ ಅಂಟದೆ ಮೈಯ ಜೊತೆ ಹೋಗುತ್ತದೆ. ಆದರೆ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಒಂದು ದಿನ ಹಾಗೇ ತೂಗುಹಾಕಿ, ಅದು ಇಳಿಯುವಷ್ಟು ಇಳಿಯಲಿ, ಆಮೇಲೆ ಹೆಮ್ಮಿಂಗ್ ಮಾಡಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅಂಚು ಏರುಪೇರಾಗುತ್ತದೆ.

ಪಫ್ ತೋಳಿನ ವಿಷಯದಲ್ಲಿ ಎಲ್ಲರೂ ಕೇಳುವುದು ಒಂದೇ: "ನನ್ನ ಭುಜ ಅಗಲ, ಪಫ್ ಹಾಕಬಹುದಾ?" ಹಾಕಬಹುದು. ಭುಜದ ಮೇಲೆ ಉಬ್ಬು ಬೇಡ, ಮೊಣಕೈಯಿಂದ ಕೆಳಗೆ ಉಬ್ಬಿಸಿ ಮಣಿಕಟ್ಟಿಗೆ ಹಿಡಿದರೆ ಆಯಿತು. 1830ರ ದಶಕದಲ್ಲಿ ಇಂಗ್ಲೆಂಡಿನ ಹೆಂಗಸರು ತೋಳು ಉಬ್ಬಿ ನಿಲ್ಲಲಿ ಅಂತ ಒಳಗೆ ಪುಕ್ಕ ತುಂಬಿದ ದಿಂಬು ಇಟ್ಟುಕೊಳ್ಳುತ್ತಿದ್ದರು. ನಮಗೆ ಅದು ಬೇಡ, ತೋಳಿನ ತಲೆಯೊಳಗೆ ಎರಡು ಬೆರಳಗಲ ಆರ್ಗಾನ್ಜಾ ಪಟ್ಟಿ ಮಡಿಸಿ ಹೊಲಿದರೆ ದಿನವಿಡೀ ನಿಲ್ಲುತ್ತದೆ. ಕತ್ತು ಗಿಡ್ಡ ಇದ್ದವರು ಕತ್ತಿಗೆ ಫ್ರಿಲ್ಲು ಹಾಕಬೇಡಿ, ತುಸು ಇಳಿದ ದುಂಡು ಕತ್ತಿಗೆ ಸಣ್ಣ ಲೇಸು ಸಾಕು. ಎದೆ ತುಂಬಿದವರು ಅಡ್ಡ ಫ್ರಿಲ್ಲು ಬಿಟ್ಟು ಉದ್ದಕ್ಕೆ ಇಳಿಯುವ ಫ್ರಿಲ್ಲು ಹಾಕಿ. ಎತ್ತರ ಕಡಿಮೆ ಇದ್ದರೆ ಹೂವು ಸಣ್ಣದಿರಲಿ, ಸೊಂಟ ಒಂದಿಂಚು ಮೇಲಿರಲಿ. ದಪ್ಪ ಇರುವವರಿಗೆ ಇದು ಹೇಳಿಸಿದ್ದಲ್ಲ ಅನ್ನುವ ಮಾತಿದೆಯಲ್ಲ, ಅದು ಶುದ್ಧ ಸುಳ್ಳು. ಮೈ ತುಂಬಿಕೊಂಡವರ ಮೇಲೆ ಕ್ರೇಪ್ ಬೀಳುವ ಚೆಂದ ಕಡ್ಡಿಯಂಥವರ ಮೇಲೆ ಬರುವುದಿಲ್ಲ. ನಾನು 27 ವರ್ಷದಿಂದ ಅಳತೆ ತೆಗೆಯುತ್ತಿದ್ದೇನೆ, ಕಂಡದ್ದನ್ನು ಹೇಳುತ್ತಿದ್ದೇನೆ.

ಬಣ್ಣದ ಹತ್ತಿರ ಬಂದರೆ ನನಗೆ ಸ್ವಲ್ಪ ಸಿಟ್ಟೂ ಬರುತ್ತದೆ. "ನಾನು ಕಪ್ಪಗಿದ್ದೀನಿ, ತಿಳಿ ಗುಲಾಬಿ ನಂಗೆ ಬೇಡ" ಅಂತ ಎಷ್ಟು ಹುಡುಗಿಯರು ಹೇಳಿದ್ದಾರೆ ನನ್ನ ಮುಂದೆ! ಯಾರೋ ಚಿಕ್ಕಂದಿನಲ್ಲಿ ಹೇಳಿದ ಮಾತು ಎದೆಯಲ್ಲಿ ಕೂತುಬಿಟ್ಟಿರುತ್ತದೆ. ತಪ್ಪು ಇರುವುದು ಗುಲಾಬಿಯಲ್ಲೂ ಅಲ್ಲ, ಮೈಬಣ್ಣದಲ್ಲೂ ಅಲ್ಲ, ಆರಿಸುವ ಛಾಯೆಯಲ್ಲಿ. ಸುಣ್ಣ ಬೆರೆಸಿದ ಹಾಗಿರುವ ತಿಳಿ ಬಣ್ಣ ನಮ್ಮ ಮೈಬಣ್ಣದ ಮೇಲೆ ಬೂದಿಯಾಗುತ್ತದೆ. ಒಳಗೆ ಸ್ವಲ್ಪ ಹಳದಿ, ಸ್ವಲ್ಪ ಕೆಂಪು ಇರುವ ತಿಳಿ ಬಣ್ಣ ಬೆಳಗುತ್ತದೆ. ಈರುಳ್ಳಿ ಸಿಪ್ಪೆಯ ಗುಲಾಬಿ, ತಿಳಿ ಕನಕಾಂಬರ, ಮಾವಿನ ಚಿಗುರಿನ ಬಣ್ಣ, ಹಾಲುಕೆನೆ ಬಿಳುಪು, ಹಣ್ಣು ನೇರಳೆಯನ್ನು ನೀರಿಗೆ ಹಾಕಿದರೆ ಬರುವ ತಿಳಿ ನೇರಳೆ. ಇಷ್ಟೂ ನಮ್ಮ ಸುತ್ತಲೇ ಇವೆ. ಅಚ್ಚ ಬಿಳಿಗಿಂತ ಹಾಲುಕೆನೆ ಬಿಳುಪಿನ ಲೇಸು ಕಪ್ಪು ಮೈಗೆ ಎಷ್ಟು ಒಪ್ಪುತ್ತದೆ ಅಂತ ಒಮ್ಮೆ ಹಾಕಿ ನೋಡಿದವರು ಆಮೇಲೆ ಬಿಡುವುದಿಲ್ಲ.

ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಮಾತ್ರ ಬಣ್ಣ ಆರಿಸಬೇಡಿ. ಬಟ್ಟೆಯ ತುದಿ ಹಿಡಿದು ಬಾಗಿಲಿಗೆ ಬನ್ನಿ, ಗಲ್ಲದ ಕೆಳಗೆ ಇಟ್ಟುಕೊಂಡು ಜೊತೆಗಿರುವವರಿಗೆ ತೋರಿಸಿ. ಅವರು ಮೊದಲು ಬಟ್ಟೆ ನೋಡಿದರೆ ಅದನ್ನು ವಾಪಸ್ಸು ಇಡಿ. ಮೊದಲು ನಿಮ್ಮ ಕಣ್ಣು ನೋಡಿದರೆ ತಗೊಳ್ಳಿ.

ದಿನನಿತ್ಯಕ್ಕೆ ಹೇಗೆ ಅಂತ ಕೇಳುತ್ತೀರಿ. ಎಲ್ಲರೂ ಗೌನು ಹಾಕಿಕೊಂಡು ಸಿಟಿ ಬಸ್ಸು ಹತ್ತಲು ಆಗುವುದಿಲ್ಲ, ಹತ್ತಬೇಕಾಗಿಯೂ ಇಲ್ಲ. ಸಾದಾ ಕುರ್ತಾಕ್ಕೆ ಚಿಪ್ಪಿನ ಆಕಾರದ ಅಂಚು, ಮಣಿಕಟ್ಟಿಗೆ ಒಂದೇ ಸಾಲು ನೆರಿಗೆ, ಹತ್ತಿ ಸೀರೆಗೆ ಹಕೋಬಾ ರವಿಕೆ, ಕಿವಿಗೆ ಸಣ್ಣ ಮುತ್ತು, ಜಡೆಗೆ ತೆಳು ರಿಬ್ಬನ್ನು. ಕೆಲಸದ ಜಾಗದಲ್ಲಿ ಇಷ್ಟು ಸಾಕು. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಗಿರಾಕಿಯೊಬ್ಬರು, "ಫ್ರಿಲ್ಲು ಹಾಕಿದರೆ ನನ್ನ ಮಾತಿಗೆ ಬೆಲೆ ಕೊಡಲ್ಲ" ಅಂದಿದ್ದರು. ಅವರ ಆತಂಕ ನಿಜ, ಹಾಗೆ ಅಳೆಯುವವರು ಇದ್ದಾರೆ. ನಾನು ಅವರಿಗೆ ಗಾಢ ನೀಲಿ ಕ್ರೇಪಿನಲ್ಲಿ, ಅದೇ ಬಣ್ಣದ ಫ್ರಿಲ್ಲಿನ ಮೇಲಂಗಿ ಹೊಲಿದುಕೊಟ್ಟೆ. ಬಣ್ಣ ಗಂಭೀರ, ಆಕಾರ ನಾಜೂಕು. ಈಗ ಅದೇ ಮಾದರಿಯಲ್ಲಿ ನಾಲ್ಕು ಇವೆ ಅವರ ಹತ್ತಿರ.

ಸ್ಕೂಟರಿನಲ್ಲಿ ಓಡಾಡುವವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಶಿಫಾನ್ ದುಪಟ್ಟಾ, ಉದ್ದ ಫ್ರಿಲ್ಲು, ಹಿಂದೆ ಇಳಿಬಿಟ್ಟ ಬೋ, ಇವು ಚಕ್ರಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಬರುತ್ತದೆ. ದುಪಟ್ಟಾ ಕತ್ತಿಗೆ ಸುತ್ತಿಕೊಳ್ಳಬೇಡಿ, ಮಡಿಸಿ ಬ್ಯಾಗಿನಲ್ಲಿಡಿ, ಇಳಿದ ಮೇಲೆ ಹಾಕಿಕೊಳ್ಳಿ. ಬೈಕಿನ ಹಿಂದೆ ಕೂರುವವರು ಸೀರೆ ಗಾರ್ಡ್ ಇಲ್ಲದ ಗಾಡಿಯಲ್ಲಿ ಕೂರಬೇಡಿ. ಲಂಗದ ಅಂಚು ಪಾದದಿಂದ ನಾಲ್ಕು ಬೆರಳು ಮೇಲಿರಲಿ, ಅಂದಕ್ಕೂ ಅದೇ ಅಳತೆ ಸರಿ.

ವಯಸ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸರಸ್ವತಿಪುರಂನಿಂದ ಒಬ್ಬ ನಿವೃತ್ತ ಟೀಚರು ಬರುತ್ತಾರೆ. ಮೊಮ್ಮಗನ ನಾಮಕರಣಕ್ಕೆ ಲೇಸಿನ ರವಿಕೆ ಬೇಕಿತ್ತು, ಕೇಳಲು ಸಂಕೋಚ. ಬೂದು ಬಣ್ಣದ ಮೈಸೂರು ಸಿಲ್ಕಿಗೆ ಮೊಣಕೈ ತನಕ ಹಾಲುಕೆನೆ ಬಣ್ಣದ ಹತ್ತಿ ಲೇಸು ಹಾಕಿದೆವು, ಒಳಗೆ ತೆಳು ಲೈನಿಂಗ್. ಬೆಳ್ಳಿ ಕೂದಲಿಗೆ ಒಂದು ಮೊಳ ಮಲ್ಲಿಗೆ. ಅವರು ಕನ್ನಡಿ ಮುಂದೆ ಬಹಳ ಹೊತ್ತು ನಿಂತಿದ್ದರು, ನಾವು ಯಾರೂ ಮಾತಾಡಲಿಲ್ಲ.

ಬಿ.ಕಾಂ. ಹುಡುಗಿಯ ವಿಷಯ ಹೇಳುತ್ತೇನೆ ಅಂದಿದ್ದೆ. ಚಿತ್ರದಲ್ಲಿದ್ದ ಐದು ಸಂಗತಿಗಳಲ್ಲಿ ಯಾವುದು ಬಿಟ್ಟರೆ ನಿನಗೆ ಹೊಟ್ಟೆ ಉರಿಯುತ್ತದೆ ಅಂತ ಕೇಳಿದೆ. ಬೋ ಅಂದಳು, ತಕ್ಷಣ. ಸರಿ, ಬೋ ಇರಲಿ ಅಂದೆ. ಅವಳ ಅಜ್ಜಿಯ ಹಳೆಯ ಕ್ರೇಪ್ ಸೀರೆ ಮನೆಯಲ್ಲಿತ್ತು, ಮಾಸಿದ ಗುಲಾಬಿ, ಒಂದು ಅಂಚು ಹರಿದಿತ್ತು. ಅದರಲ್ಲೇ ಪಾದದ ಮೇಲಕ್ಕೆ ಬರುವ ಉದ್ದ ಲಂಗ, ಸಾದಾ ಕತ್ತಿನ, ಸಣ್ಣ ತೋಳಿನ ಮೇಲಂಗಿ. ಬೋ ಮಾತ್ರ ಆರ್ಗಾನ್ಜಾದ್ದು, ಹುಕ್ಕಿನಲ್ಲಿ ಹಾಕಿ ತೆಗೆಯುವ ಹಾಗೆ ಮಾಡಿದೆವು, ಊಟಕ್ಕೆ ಕೂರುವಾಗ ಬಿಚ್ಚಿಡಲಿ ಅಂತ. ತಾಯಿ ಟ್ರಯಲ್ ದಿನ ಬಂದವರು ಮೊದಲು ಸುಮ್ಮನಿದ್ದರು. ಆಮೇಲೆ ಬಗ್ಗಿ ಲಂಗದ ಜರಿ ಅಂಚು ಮುಟ್ಟಿ, "ಇದು ನಮ್ಮಮ್ಮ ನನ್ನ ನಾಮಕರಣಕ್ಕೆ ಉಟ್ಟಿದ್ದು" ಅಂದರು.

ಜೋಪಾನದ ಬಗ್ಗೆ ಎರಡು ಮಾತು. ಲೇಸು, ನೆಟ್ಟು ಇರುವ ಬಟ್ಟೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ಮಳೆಗಾಲದಲ್ಲಿ ಒಳಗೇ ಬೆವೆತು ಹಳದಿ ಕಲೆ ಬರುತ್ತದೆ. ಸೆಂಟನ್ನು ಬಟ್ಟೆಗೆ ಹಾಕಬೇಡಿ, ಜರಿ ಕಪ್ಪಾಗುತ್ತದೆ. ರೇಷ್ಮೆಯನ್ನು ಮೂರು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ, ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ.

ಆ ಮೇಜಿನ ಮೇಲೆ ಕ್ರೇಪ್, ಆರ್ಗಾನ್ಜಾ, ಹಕೋಬಾ, ಶಿಫಾನ್ ತುಂಡುಗಳನ್ನು ಇಟ್ಟಿದ್ದೇನೆ, ಹತ್ತು ಹನ್ನೆರಡು ತಿಳಿ ಬಣ್ಣಗಳಿವೆ. ಮುಟ್ಟಿ ನೋಡಿ, ಹಿಂಡಿ ನೋಡಿ, ಸುಕ್ಕು ಎಷ್ಟು ಹೊತ್ತು ಉಳಿಯುತ್ತದೆ ನೋಡಿ. ಎಡಗಡೆಯ ಕಿಟಕಿಯಲ್ಲಿ ಐದೂವರೆ ತನಕ ಒಳ್ಳೆಯ ಬೆಳಕಿರುತ್ತದೆ. ಕನ್ನಡಿಯನ್ನೂ ಅಲ್ಲೇ ಇರಿಸಿದ್ದೇನೆ, ಇಬ್ಬಿಬ್ಬರಾಗಿ ಬನ್ನಿ.